ಮಗಳಿಗೆ ಹುಡುಕಿದ ಹನ್ನೊಂದು ನೌಕರಿ

ಮೊನ್ನೆ ಸಂಜೆ ನವಲಗುಂದದ ಬಸ್ ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಕರಿದದ್ದು ತಿನ್ನಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೇ ನಾಲ್ಕಕ್ಕೆ ನಿಲ್ಲಿಸುತ್ತೇನೆ. ಕಟ್ಟು ಬಿಚ್ಚಿದರೆ ಬಿಸಿ ಎಣ್ಣೆಯ ವಾಸನೆಯ ಜೊತೆಗೆ ಒಂದು ಅಚ್ಚು ಹಾಕಿಸಿದ ಹಾಳೆ. ಯಾವುದೋ ಕಾಲೇಜಿನವರು ಪಾಲಕರ ಸಭೆಯಲ್ಲಿ ಹಂಚಿದ್ದು. ‘ನಿಮ್ಮ ಮಕ್ಕಳ ವೃತ್ತಿ ಆಯ್ಕೆ: ಪಾಲಕರಿಗೆ ಹತ್ತು ಸೂಚನೆಗಳು.’ ನಡುವೆ ಎಣ್ಣೆ ಹರಡಿ, ಎರಡೂ ಬದಿಯ ಅಕ್ಷರ ಕಲೆತುಹೋಗಿ, ನಾಲ್ಕರಿಂದ ಏಳರವರೆಗಿನ ಸೂಚನೆಗಳು ಓದಲು ಬರುತ್ತಿರಲಿಲ್ಲ. ಉಳಿದ ಆರನ್ನು ಕನ್ನಡಕ ಹಾಕಿಕೊಂಡು ಓದಿದೆ. ಮಕ್ಕಳ ಜೊತೆ ಮಾತಾಡಿ. ಬೇರೆ ಬೇರೆ ವೃತ್ತಿಗಳ ಮಾಹಿತಿ ಕೂಡಿಹಾಕಿ. ಅನುಭವಸ್ಥರನ್ನು ವಿಚಾರಿಸಿ. ಅವರ ಓಡಾಟದ ಮೇಲೆ ಗಮನವಿರಲಿ. ಹೀಗೇ ಇನ್ನೆರಡು. ನಗು ಬಂತು; ನಗುವಷ್ಟು ತ್ರಾಣ ಇದ್ದಿದ್ದರೆ ನಕ್ಕೂ ಬಿಡುತ್ತಿದ್ದೆ. ಆ ಆರನ್ನೂ ನಾನು ಆರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದೇನೆ. ನನಗೆ ಯಾರೂ ಹಾಳೆ ಕೊಟ್ಟಿರಲಿಲ್ಲ, ಎಲ್ಲ ಸ್ವಂತ ಬುದ್ಧಿಯಿಂದ ಮಾಡಿದ್ದು.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷ ಸಾರಿಗೆ ಬಸ್ಸಿನ ಸ್ಟೇರಿಂಗ್ ಹಿಡಿದವನು. ಬೆನ್ನಿನ ಕೆಳಗಿನ ಎರಡು ಮಣಿ ಸವೆದು, ಇವರಿಗೆ ಇನ್ನು ಗಾಡಿ ಕೊಡಬೇಡಿ ಅಂತ ಡಾಕ್ಟರು ಬರೆದುಕೊಟ್ಟ ಮೇಲೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕಿಟಕಿಯ ಒಳಗೆ ಕೂತವನು. ಅಲ್ಲಿಂದಲೇ ರಿಟೈರ್ ಆಗಿ ಈಗ ಎರಡು ವರ್ಷ. ಕಂಟ್ರೋಲರ್ ಅಂದರೆ ದೊಡ್ಡ ಹುದ್ದೆ ಅಂತ ತಿಳಿಯಬೇಡಿ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಬಾರದ ಬಸ್ಸಿಗಾಗಿ ಬೈಸಿಕೊಳ್ಳುವುದು, ಇಷ್ಟೇ. “ಬಾಗಲಕೋಟಿ ಗಾಡಿ ಎಷ್ಟಕ್ರಿ?” ಅಂತ ಕೇಳುತ್ತಾರೆ. ನಾವು ಹೇಳುತ್ತೇವೆ. ಅವರು ತಲೆಯಾಡಿಸಿ, ಬಾಜೂಕಿನ ಶೇಂಗಾ ಮಾರುವವಳನ್ನೂ ಅದನ್ನೇ ಕೇಳುತ್ತಾರೆ. ಅವಳು ಹೇಳಿದ ಮೇಲೆ ನಂಬುತ್ತಾರೆ. ಹೀಗೆ ಹನ್ನೆರಡು ವರ್ಷ ಯಾರಿಗೆ ಯಾವ ಬಸ್ಸು ಅಂತ ಹೇಳುತ್ತ ಕೂತ ಮನುಷ್ಯನಿಗೆ, ತನಗೆ ಎಲ್ಲರ ದಾರಿಯೂ ಗೊತ್ತು ಅನ್ನುವ ಭ್ರಮೆ ಸಹಜವಾಗಿ ಬರುತ್ತದೆ. ನನಗೂ ಬಂದಿತ್ತು.

ಲೀಲಾ ನನ್ನ ಒಬ್ಬಳೇ ಮಗಳು. ಶಾಲೆಯ ದಾಖಲೆಯಲ್ಲಿ ಶಿವಲೀಲಾ. ನಾನು ಹೇಳುತ್ತಿರುವ ಕಾಲಕ್ಕೆ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಳು. ಬೆಳಿಗ್ಗೆ ಏಳೂವರೆಯ ಗಾಡಿಗೆ ಹೋಗಿ ಸಂಜೆ ನಾಲ್ಕರ ಗಾಡಿಗೆ ಬರುವವಳು. ಮಾತು ಕಡಿಮೆ, ಊಟ ಕಡಿಮೆ, ಅಂಕ ನಡುಮಧ್ಯ. ಮುಂದೇನು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆಗ. ಅವಳನ್ನು ಹಿಡಿದಿತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಒಂದು ದಿನ ಕಿಟಕಿಗೆ ಬಂದವರೊಬ್ಬರ ಅಂಗಿಯ ಇಸ್ತ್ರಿ ನೋಡಿ ಕೇಳಿದೆ, “ಏನ್ ನೌಕರಿ ಮಾಡ್ತೀರ್ರಿ?”

“ಬ್ಯಾಂಕಿನ್ಯಾಗ್ರಿ.”

“ಹೆಂಗ ಹತ್ತಿತ್ರಿ?”

ಅವರ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಯಾವ ಪರೀಕ್ಷೆ, ಯಾವ ಪುಸ್ತಕ, ಎಲ್ಲಿ ಕ್ಲಾಸು, ಎಲ್ಲ ಹೇಳಿದರು. ನಾನು ಹಳೆಯ ಲಾಗ್‌ಶೀಟಿನ ಹಿಂಬದಿಗೆ ಬರೆದುಕೊಂಡೆ. ಅಲ್ಲಿಂದ ಅದೊಂದು ಚಟವಾಯಿತು. ಬಸ್ಸಿಗೆ ಕಾಯುವ ಮನುಷ್ಯನಷ್ಟು ಧಾರಾಳವಾಗಿ ಮಾಹಿತಿ ಕೊಡುವವರು ಜಗತ್ತಿನಲ್ಲಿ ಬೇರೆ ಇಲ್ಲ. ಒಂದು ವರ್ಷದಲ್ಲಿ ನನ್ನ ಹಾಳೆಯ ಮೇಲೆ ಹನ್ನೊಂದು ನೌಕರಿ ಸೇರಿದವು. ಬ್ಯಾಂಕು, ಕೋರ್ಟಿನ ಸ್ಟೆನೊ, ದವಾಖಾನೆಯ ಲ್ಯಾಬು, ಗ್ರಾಮ ಲೆಕ್ಕಿಗರ ಪರೀಕ್ಷೆ, ಬಿ.ಎಡ್., ವಕೀಲಿ, ಪಿಎಸ್‌ಐ, ಲೈಬ್ರರಿ, ಅಂಚೆ ಇಲಾಖೆ, ಸಿ.ಎ. ಹನ್ನೊಂದನೆಯದು ವಿಮಾನದ ಪರಿಚಾರಕಿ. ಅದನ್ನು ಹೇಳಿದವರು ಅಣ್ಣಿಗೇರಿಯ ಕಾಳಿನ ವ್ಯಾಪಾರಿ. ಅವರು ವಿಮಾನ ಹತ್ತಿರಲಿಲ್ಲ, ಆದರೆ ಅವರ ಬೀಗರ ಅಳಿಯ ಹತ್ತಿದ್ದ.

ಸಂಜೆ ಲೀಲಾ ಬಂದು ಕೈಕಾಲು ತೊಳೆದು ಚಹಾಕ್ಕೆ ಕೂತಾಗ ಆ ದಿನದ ನೌಕರಿಯನ್ನು ವಿವರಿಸುತ್ತಿದ್ದೆ. ಅವಳು ಚಹಾದ ಬಸಿಯ ಮೇಲಿನ ಹೂವು ನೋಡುತ್ತ ಕೇಳಿ, ಕೊನೆಗೆ “ಆತಪಾ” ಅನ್ನುತ್ತಿದ್ದಳು. ಬ್ಯಾಂಕಿಗೂ ಆತಪಾ. ವಕೀಲಿಗೂ ಆತಪಾ. ವಿಮಾನಕ್ಕೂ ಅದೇ. ಎಂಥ ಹೊಂದಿಕೊಳ್ಳುವ ಮಗಳು ಅಂತ ನನಗೆ ಹೆಮ್ಮೆ. ನಮ್ಮ ಕಡೆ ಹಿರಿಯರಿಗೆ ‘ಒಲ್ಲೆ’ ಅನ್ನುವ ರೂಢಿ ಇಲ್ಲವೆಂಬುದು ನಿಮಗೆ ಗೊತ್ತು. ಆತು ಅಂದರೆ ನಿಮ್ಮ ಮಾತು ಮುಗಿದಿದ್ದರೆ ನಾನು ಏಳಬಹುದೇ ಅಂತ. ನಾನೂ ನನ್ನ ಅಪ್ಪನಿಗೆ ಹಾಗೆಯೇ ಅನ್ನುತ್ತ ಬೆಳೆದವನು. ಸೀಟಿಲ್ಲ, ಇಳಿ ಅಂದರೆ ಆತ್ರಿ ಅಂತ ಹೇಳಿ ಹಿಂದಿನ ಬಾಗಿಲಿನಿಂದ ಹತ್ತಿ ಬರುವ ಜನರನ್ನು ಹತ್ತೊಂಬತ್ತು ವರ್ಷ ಕನ್ನಡಿಯಲ್ಲಿ ನೋಡಿದವನು. ಆದರೂ ಮಗಳು ಅಂದಾಗ ಅದನ್ನು ಒಪ್ಪಿಗೆ ಅಂತಲೇ ತಿಳಿದೆ.

ನಮ್ಮಾಕಿಯ ದಾರಿ ಬೇರೆ. ಹೆಂಡತಿಯ ಬಗ್ಗೆ ಬರೆಯುವಾಗ ಹುಷಾರಾಗಿರಬೇಕು, ಅವಳಿಗೂ ಓದಲು ಬರುತ್ತದೆ. ಮನೆದೇವರ ಗುಡಿಗೆ ಹೋಗಿ ಹೂ ಕೇಳಿಸಿಕೊಂಡು ಬಂದಳು. ಮೂರ್ತಿಗೆ ಹೂವಿನ ಎಸಳು ಹಚ್ಚಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರುವುದು. ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ ನಮ್ಮಲ್ಲಿ ಎಲ್ಲರೂ ಕೇಳಿಸುತ್ತಾರೆ.

“ಬಲಕ್ಕ ಬಿತ್ತು ನೋಡ್ರಿ, ಕೇಳೂದ ತಡ,” ಅಂದಳು.

“ಏನಂತ ಕೇಳಿದಿ?”

“ಬ್ಯಾಂಕೋ ಬಿ.ಎಡ್ಡೋ ಅಂತ.”

“ಹಂಗಾರ ಬಲಕ್ಕ ಅಂದ್ರ ಯಾವುದು?”

“ಅದ ತಿಳೀವಲ್ದು,” ಅಂದಳು. ಇನ್ನೊಮ್ಮೆ ಕೇಳಿಸಬಹುದಿತ್ತು, ಆದರೆ ಒಂದೇ ವಿಷಯಕ್ಕೆ ದೇವರನ್ನು ಎರಡು ಸಲ ಏಳಿಸಬಾರದು ಅಂತ ಪೂಜಾರಿ ಹೇಳಿದರಂತೆ. ಹೌದು ಅನ್ನುವ ಉತ್ತರ ನಮ್ಮ ಮನೆಯಲ್ಲಿ ಹಾಗೇ ಬಿದ್ದಿತ್ತು, ಯಾತಕ್ಕೆ ಹೌದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಇನ್ನು ನಾನು ಮಾಡಿದ ಇನ್ನೊಂದು ಕೆಲಸಕ್ಕೆ ಬರುತ್ತೇನೆ. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಹುಬ್ಬಳ್ಳಿ ರೂಟಿನ ಕಂಡಕ್ಟರುಗಳೆಲ್ಲ ನನಗೆ ಗುರುತು. “ನನ್ನ ಮಗಳು ಬರ್ತಾಳ, ಸ್ವಲ್ಪ ಲಕ್ಷ್ಯ ಇರಲಿ” ಅಂತ ಒಬ್ಬೊಬ್ಬರಿಗೂ ಹೇಳಿಟ್ಟಿದ್ದೆ. ಸಾರಿಗೆಯವರ ಮಕ್ಕಳು ಬೆಳೆಯುವುದೇ ಹೀಗೆ. ಅವರು ಯಾವ ಬಸ್ಸು ಹತ್ತಿದರೂ ಅಲ್ಲೊಬ್ಬ ಕಾಕಾ ಇರುತ್ತಾನೆ. ಯಾವ ಸೀಟಿನಲ್ಲಿ ಕೂತರು, ಯಾರ ಜೊತೆ ಮಾತಾಡಿದರು, ಎಲ್ಲಿ ಇಳಿದರು ಎಂಬುದು ಅವರು ಮನೆ ಮುಟ್ಟುವ ಮೊದಲೇ ಅಪ್ಪನಿಗೆ ಮುಟ್ಟಿರುತ್ತದೆ. ಇದನ್ನು ನಾವು ಕಾಳಜಿ ಅನ್ನುತ್ತೇವೆ. ಮಕ್ಕಳು ಏನನ್ನುತ್ತಾರೋ ನಾನು ಕೇಳಿಲ್ಲ.

ಹುಸೇನ್‌ಸಾಬ್ ಅಂತ ಒಬ್ಬ ಕಂಡಕ್ಟರ್. ನನಗಿಂತ ಹತ್ತು ವರ್ಷ ಸಣ್ಣವ, ನಾನು ಗಾಡಿ ಓಡಿಸುವಾಗ ಮೂರು ವರ್ಷ ನನ್ನ ಜೋಡಿ ಇದ್ದವ. ಒಂದು ಮಧ್ಯಾಹ್ನ ಲಾಗ್‌ಶೀಟಿಗೆ ಸಹಿ ಹಾಕಿಸಲು ಬಂದವನು ಸಹಿ ಆದ ಮೇಲೂ ಹೋಗಲಿಲ್ಲ.

“ಸಾಹೇಬ್ರ, ಒಂದ್ ಮಾತು. ತಪ್ಪು ತಿಳ್ಕೋಬ್ಯಾಡ್ರಿ.”

“ಹೇಳಪಾ.”

“ಲೀಲಾ ತಂಗಿ ಬುಧವಾರ, ಶುಕ್ರವಾರ ಕಾಲೇಜ್ ಸ್ಟಾಪಿಗೆ ಬರಂಗಿಲ್ರಿ. ಕುಸುಗಲ್ಲಿಗೇ ಇಳದ್ ಬಿಡ್ತಾಳ.”

ಕುಸುಗಲ್ಲು ಹುಬ್ಬಳ್ಳಿಗೆ ಮೊದಲು ಸಿಗುವ ಊರು. ಅಲ್ಲಿ ನಮ್ಮ ಬೀಗರಿಲ್ಲ, ನಂಟರಿಲ್ಲ, ಅವಳ ಗೆಳತಿಯರೂ ಇಲ್ಲ. “ಎಷ್ಟ್ ದಿನಾತು?” ಅಂದೆ. “ಎರಡ್ ತಿಂಗಳಾತ್ರಿ. ಹೇಳಲೋ ಬ್ಯಾಡೋ ಅಂತ...” ಅಂದು ಅವನು ತಲೆ ತಗ್ಗಿಸಿದ. ನಾನು ಮೈಕು ತೆಗೆದುಕೊಂಡು ರೋಣದ ಬಸ್ಸನ್ನು ಗದಗದ ಬಸ್ಸು ಅಂತ ಕೂಗಿದೆ. ಹತ್ತು ಜನ ಎದ್ದು ಓಡಿದರು.

ಅಪ್ಪಂದಿರ ತಲೆಯಲ್ಲಿ ಇಂಥ ಹೊತ್ತಿನಲ್ಲಿ ಏನು ಓಡುತ್ತದೆ ಅಂತ ವಿವರಿಸಬೇಕಿಲ್ಲ. ಹುಡುಗ ಯಾರು, ಯಾವ ಊರು, ಯಾವ ಜಾತಿ. ಮುಖ ಮಾತ್ರ ಕಾಣದ ಒಬ್ಬ ಹುಡುಗನನ್ನು ಮೂರು ದಿನದಲ್ಲಿ ನಾನೇ ತಯಾರು ಮಾಡಿಟ್ಟೆ. ನಮ್ಮಾಕಿಗೆ ಹೇಳಲಿಲ್ಲ. ಲೀಲಾ ಎದುರು ಬಂದರೆ ಮುಖ ನೋಡಲಿಲ್ಲ. ಮುಂದಿನ ಬುಧವಾರ ರಜೆ ಹಾಕಿ, ಅವಳಿಗಿಂತ ಒಂದು ಗಾಡಿ ಮೊದಲು ಹೋಗಿ ಕುಸುಗಲ್ಲಿನ ಸ್ಟಾಪಿನ ಎದುರಿನ ಚಹಾದಂಗಡಿಯಲ್ಲಿ ತಲೆಗೆ ಟಾವೆಲ್ ಸುತ್ತಿಕೊಂಡು ಕೂತೆ.

ಒಬ್ಬ ಕಂಟ್ರೋಲರ್ ತನ್ನ ರೂಟಿನ ಮೇಲೆಯೇ ಅಡಗಿ ಕೂರುವುದು ಸಾಧ್ಯವಿಲ್ಲ ಎಂಬುದು ನನಗೆ ಅಲ್ಲಿ ಕೂತ ಮೇಲೆ ಹೊಳೆಯಿತು. ಹೋಗುವ ಪ್ರತಿ ಬಸ್ಸಿನವನೂ ಹಾರ್ನ್ ಹಾಕಿ ಕೈ ಎತ್ತುತ್ತಿದ್ದ. ಒಬ್ಬ ಗಾಡಿ ನಿಲ್ಲಿಸಿ, “ಏನ್ರಿ ಸಾಹೇಬ್ರ, ಆರಾಮ ಇಲ್ಲೇನು, ತಲಿಗೆ ಸುತ್ಗೊಂಡೀರಿ?” ಅಂತ ವಿಚಾರಿಸಿದ. ಚಹಾದಂಗಡಿಯವನು ಎದ್ದು ನಿಂತು ನನಗೆ ಕುರ್ಚಿ ಕೊಟ್ಟ. ದೇವರ ದಯೆ, ಏಳೂವರೆ ಗಾಡಿ ಬಂದಾಗ ಎದುರಿಗೆ ಹತ್ತಿಯ ಲಾರಿಯೊಂದು ಅಡ್ಡ ನಿಂತಿತ್ತು. ಲೀಲಾ ಇಳಿದಳು. ಅತ್ತಿತ್ತ ನೋಡದೆ, ಊರ ಒಳಗೆ ಹೋಗದೆ, ರಸ್ತೆಯ ಆಚೆಯ ಎರೆ ಹೊಲಗಳ ನಡುವಿನ ಖುಲ್ಲಾ ಜಾಗದ ಕಡೆ ನಡೆದಳು. ನಾನು ದೂರದಿಂದ ಹಿಂಬಾಲಿಸಿದೆ.

ಅಲ್ಲಿ ಹುಡುಗನಿರಲಿಲ್ಲ. ಒಂದು ಹಳೆಯ ಲಾರಿ ಇತ್ತು, ಮುಂದೆ ಕೆಂಪು ಬಣ್ಣದ ‘ಎಲ್’ ಬರೆದದ್ದು. ಬಾಜುವಿಗೆ ನನ್ನಷ್ಟೇ ವಯಸ್ಸಿನ ಒಬ್ಬ ಮನುಷ್ಯ, ಗಾಡಿ ಕಲಿಸುವವನು, ಬೀಡಿ ಸೇದುತ್ತ ನಿಂತಿದ್ದ. ಲೀಲಾ ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಬ್ಯಾಗನ್ನು ಬೆನ್ನ ಹಿಂದಿಟ್ಟುಕೊಂಡು ಸೀಟು ಏರಿದಳು. ಪೆಡಲ್ಲಿಗೆ ಕಾಲು ಮುಟ್ಟಲಿ ಅಂತ ಬ್ಯಾಗು ಎಂಬುದು ನನಗೆ ತಕ್ಷಣ ತಿಳಿಯಿತು. ಎರಡು ಡ್ರಮ್ಮುಗಳ ನಡುವೆ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮೊದಲ ಸಲ ಡ್ರಮ್ಮಿಗೆ ತಾಗಿಸಿದಳು. ಎರಡನೆಯ ಸಲವೂ. ಅವಳು ಎಡಗಡೆ ಕನ್ನಡಿಯನ್ನೇ ನೋಡುತ್ತಿದ್ದಳು, ಬಲಗಡೆಯದನ್ನು ಮರೆಯುತ್ತಿದ್ದಳು. ಜಾಲಿಯ ಗಿಡದ ಹಿಂದೆ ನಿಂತ ನನ್ನ ಎಡಗಾಲು ನೆಲವನ್ನು ಕ್ಲಚ್ಚಿನಂತೆ ಒತ್ತಿಕೊಂಡು ನಿಂತಿತ್ತು. ಮೂರನೆಯ ಸಲ ಲಾರಿ ನಡುವೆ ಬಂದು ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿ ನಕ್ಕಳು. ಹಾಗೆ ನಕ್ಕದ್ದನ್ನು ನಾನು ಅವಳ ಹತ್ತನೇ ವಯಸ್ಸಿನ ಆಚೆ ನೋಡಿರಲಿಲ್ಲ.

ಹುಡುಗ ಇಲ್ಲವೆಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆ ಬಂತು, ಇದನ್ನು ಮುಚ್ಚಿಡುವುದಿಲ್ಲ. ನಾನು ಈ ಕೆಲಸವನ್ನು ಹೇಸಿಕೊಂಡೇ ಮಾಡಿದವನು. ಖಾಕಿ ಅಂಗಿಯ ಬೆವರು, ಎಂಜಿನ್ನಿನ ಝಳ, ಬೆಳಗಾದರೆ ಬೈಗುಳ. ನನ್ನ ಮಗಳು ಇದರಿಂದ ದೂರ ಹೋಗಲಿ ಅಂತಲೇ ಬಿ.ಕಾಂ. ಓದಿಸಿದ್ದು, ಹನ್ನೊಂದು ನೌಕರಿ ಹುಡುಕಿದ್ದು. ಹದಿನೆಂಟಕ್ಕೆ ಸಣ್ಣ ಗಾಡಿಯ ಲೈಸೆನ್ಸ್ ಮಾಡಿಸಿಕೊಟ್ಟವನೂ ನಾನೇ, ವರನ ಕಡೆಯವರಿಗೆ ಹೇಳಲು ಚೆನ್ನಾಗಿರುತ್ತದೆ ಅಂತ. ಅದು ಹೋಗಿ ಇಲ್ಲಿಗೆ ಮುಟ್ಟೀತು ಅಂತ ಯಾರಿಗೆ ಗೊತ್ತಿತ್ತು? ಅವಳಿಗೆ ಕಾಣಿಸಿಕೊಳ್ಳದೆ ಮನೆಗೆ ಬಂದೆ.

ಸಂಜೆ ಚಹಾ ಕುಡಿಯುವಾಗ ಕೇಳಿದೆ, “ಕುಸುಗಲ್ಲಿನ್ಯಾಗ ಏನ್ ಕೆಲಸ ನಿಂದು?”

ಅವಳು ಬೆಚ್ಚಲಿಲ್ಲ. “ಹುಸೇನ್ ಕಾಕಾ ಹೇಳಿದ್ರೇನು?” ಅಂದಳು. ಆಮೇಲೆ, “ಹೆವಿ ಲೈಸೆನ್ಸಿಗೆ ಕಲಿಯಾಕತ್ತೀನಿ. ಸಾರಿಗ್ಯಾಗ ಹೆಣ್ಮಕ್ಕಳನ್ನೂ ಡ್ರೈವರ್ ತಗೋತಾರ. ಡಿಗ್ರಿ ಮುಗಿಯೂದ್ರಾಗ ಲೈಸೆನ್ಸ್ ಕೈಯಾಗ ಇರಬೇಕು.”

ನಮ್ಮಾಕಿ ಒಳಗಿನಿಂದ ಬಂದು, “ಮಂದಿ ಏನಂತಾರ? ಬಸ್ಸ ಹೊಡಿಯಾಕ ಬಿ.ಕಾಂ. ಬೇಕಾಗಿತ್ತೇನ ನಿನಗ?” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಊರ ಮಂದಿಗೆಲ್ಲಾ ದಾರಿ ತೋರಸ್ತೀರಿ. ಊರಿಗೆ ಉಪಕಾರಿ, ಮನೀಗೆ ಮಾರಿ,” ಅಂದಳು.

“ಹನ್ನೊಂದು ನೌಕರಿ ಹೇಳೀನಿ ನಾ ನಿನಗ,” ಅಂದೆ. “ಎಲ್ಲಾದಕ್ಕೂ ಆತು ಅಂದಿ.”

“ಎಲ್ಲಾರ ನೌಕರೀನೂ ತಂದಿ ಅಪ್ಪಾ,” ಅಂದಳು ಲೀಲಾ. “ನಿಂದೊಂದ ತರಲಿಲ್ಲ.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ. ಮಾತಿನಲ್ಲಿ ಸೋತ ಅಪ್ಪಂದಿರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. “ಇವತ್ತಿಗೆ ಬಂದ್. ನಾಳಿಂದ ಕುಸುಗಲ್ಲಿಗೆ ಇಳಿಯೂದಿಲ್ಲ,” ಅಂದೆ. ಅವಳು ಬಸಿ ಕೆಳಗಿಟ್ಟು “ಆತಪಾ” ಅಂದಳು.

ಈ ಸಲ ಅವಳು ಹೇಳಿದಂತೆಯೇ ಮಾಡಿದಳು. ಬುಧವಾರ ಕಾಲೇಜಿಗೆ ಹೋದಳು, ಶುಕ್ರವಾರ ಕಾಲೇಜಿಗೆ ಹೋದಳು. ಹುಸೇನ್‌ಸಾಬ್ ಕಿಟಕಿಗೆ ಬಂದು, “ತಂಗಿ ಈಗ ಸೀದಾ ಹೋಗ್ತಾಳ್ರಿ” ಅಂತ ಸಂತೋಷದಿಂದ ಹೇಳಿದ. ಅವನಿಗೆ ಚಹಾ ಕುಡಿಸಿ ಕಳಿಸಿದೆ. ಮನೆಯಲ್ಲಿ ಲೀಲಾ ಕೆಲಸ ಮಾಡುತ್ತಿದ್ದಳು, ಓದುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಿ.ಎಡ್. ಫಾರ್ಮ್ ಯಾವಾಗ ಬಿಡುತ್ತಾರೆ ಅಂತ ತಾನೇ ಒಮ್ಮೆ ಕೇಳಿದಳು ಸಹ. ನಾನು ಬಯಸಿದ್ದೆಲ್ಲ ಆಗಿತ್ತು. ಆದರೆ ಮನೆಯಲ್ಲಿ ಯಾರೋ ಜಡ್ಡು ಬಿದ್ದ ಹಾಗೆ ನಾವು ಮೂವರೂ ಮೆಲ್ಲಗೆ ಓಡಾಡುತ್ತಿದ್ದೆವು. ಹೀಗೆ ಐದು ವಾರ. ಮಗಳು ಮಾತು ಕೇಳುವುದು ಇಷ್ಟು ಭಾರವಾದದ್ದು ಅಂತ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಅಪ್ಪ ಮಗಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆವು. ಅವಳ ಮನಸ್ಸಿನಲ್ಲಿ ಆ ಲಾರಿ ಇನ್ನೂ ಇದೆ ಎಂಬುದು ನನಗೆ ಕಾಣುತ್ತಿತ್ತು. ಅದನ್ನು ಬೇರುಸಹಿತ ಕಿತ್ತುಹಾಕೋಣ ಅಂತಲೇ ನಾನು ಮಾತು ಶುರುಮಾಡಿದ್ದು.

“ಡ್ರೈವರ್ ನೌಕರಿ ಅಂದ್ರ ಏನಂತ ತಿಳದಿ?” ಅಂದೆ. “ಹೋಗೂ ಮುಂದ ನೀರು ಕುಡಿಯಂಗಿಲ್ಲ. ಕುಡದ್ರ ನಡುವ ಎಲ್ಲಿ ನಿಲ್ಲಸ್ತಿ? ನನಗರ ಗೋಡಿ ಸಿಗ್ತಿತ್ತು, ಗಿಡ ಸಿಗ್ತಿತ್ತು. ನಿನಗೇನ್ ಸಿಗ್ತೈತಿ?”

ಅವಳು ಮೊರದಲ್ಲಿನ ಜೋಳ ಕೇರುವುದನ್ನು ನಿಲ್ಲಿಸಿ ಕೇಳತೊಡಗಿದಳು. ನಾನು ಮುಂದುವರಿದೆ. ರಾತ್ರಿ ಹಳ್ಳಿಯಲ್ಲೇ ಉಳಿಯುವ ವಸ್ತಿ ಗಾಡಿಯ ಸೀಟಿನ ಮೇಲೆ ಸೊಳ್ಳೆಗಳ ಜೊತೆ ಮಲಗಿದ್ದು. ಗೇರು ಸಿಕ್ಕಿಕೊಂಡು ಹೊಲದ ನಡುವೆ ಅರವತ್ತು ಜನರಿಂದ ಬೈಸಿಕೊಂಡಿದ್ದು. ಒಮ್ಮೆ ಎಮ್ಮೆಕರು ಅಡ್ಡ ಬಂದು ಬ್ರೇಕ್ ಒತ್ತಿದಾಗ, ನಿಂತಿದ್ದ ಒಬ್ಬ ಮುದುಕಿ ಬಿದ್ದು ಬಲಗೈ ಮುರಿದದ್ದು. ಅದನ್ನು ನಾನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. “ಕರ ಉಳೀತು. ಮುದುಕಿ ಕೈ ಹೋತು. ಯಾರದೂ ತಪ್ಪಲ್ಲ ಅಂದ್ರು. ನನಗ ಎಂಟ್ ದಿನ ಅನ್ನ ಸೇರಲಿಲ್ಲ.”

“ಆಮ್ಯಾಲ?” ಅಂದಳು.

“ಸೂಟಿ ದಿನ ಆಕಿ ಊರಿಗೆ ಹೋದೆ. ಬಾಗಲದಾಗ ನಿಂತೆ. ಎಡಗೈಲೆ ಚಹಾ ಮಾಡಿ ಕೊಟ್ಲು.”

ಅವಳು ಒಂದೊಂದೇ ಕೇಳುತ್ತ ಹೋದಳು. ಮಳೆಯಲ್ಲಿ ಎರೆ ಮಣ್ಣು ರಸ್ತೆಗೆ ಬಂದರೆ ಏನು ಮಾಡುತ್ತಿದ್ದೆ? ಬೆಳಗಿನ ಮೊದಲ ಗಾಡಿಗೆ ಎಷ್ಟಕ್ಕೆ ಏಳುತ್ತಿದ್ದೆ? ಬೆನ್ನು ನೋಯಲು ಶುರುವಾದದ್ದು ಯಾವ ವರ್ಷ, ಮೊದಲು ಎಲ್ಲಿ ನೋಯಿತು? ಹೆದರಿಸಲು ಹೊರಟವನು ನಾನು. ಆದರೆ ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನನ್ನನ್ನು ಕೂರಿಸಿಕೊಂಡು ಕೇಳಿದವರು ಯಾರೂ ಇರಲಿಲ್ಲ. ಹೇಳುತ್ತ ಹೇಳುತ್ತ ಬೇರೆಯವೂ ಬಾಯಿಗೆ ಬಂದವು. ಚಳಿಗಾಲದ ಬೆಳಿಗ್ಗೆ ಅಣ್ಣಿಗೇರಿ ದಾರಿಯಲ್ಲಿ ಕಿಟಕಿಯೊಳಗೆ ಬರುವ ಹಸಿ ಕಡಲೆಯ ವಾಸನೆ. ನನ್ನ ಗಾಡಿಯೇ ಆಗಬೇಕು ಅಂತ ಹಿಂದಿನ ಬಸ್ಸು ಬಿಟ್ಟು ಕಾಯುತ್ತಿದ್ದ ಒಬ್ಬ ಬಸುರಿ ಹೆಣ್ಣುಮಗಳು; ಹೊಟ್ಟೆ ಅಲುಗದ ಹಾಗೆ ಓಡಿಸುತ್ತೀರಿ ಅಂದಿದ್ದಳು. ಸೂಟಿಯಲ್ಲಿ ಬಾನೆಟ್ಟಿನ ಬಾಜು ಕೂತು ನನ್ನ ಕೈ ನೋಡುತ್ತಿದ್ದ ನಾಲ್ಕನೇ ಇಯತ್ತೆಯ ಲೀಲಾ. ಅದನ್ನು ಹೇಳುವಾಗ ಜೋಳದಲ್ಲಿ ಹರಳು ಹುಡುಕುವ ನೆಪದಿಂದ ತಲೆ ತಗ್ಗಿಸಿದೆ.

ಕರೆಂಟು ಬಂತು. ಅವಳು ಮೊರ ಕೆಳಗಿಟ್ಟಳು.

“ಬುಧವಾರ ಹೋಗ್ಲೇನು?” ಅಂದಳು.

ಹುಟ್ಟಿದಂದಿನಿಂದ ಅವಳು ನನ್ನನ್ನು ಹೀಗೆ ನೇರವಾಗಿ ಏನನ್ನೂ ಕೇಳಿರಲಿಲ್ಲ. ಬೇಡ ಅನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. “ಎಡಗಡೆ ಕನ್ನಡಿ ಒಂದ ನೋಡಬ್ಯಾಡ,” ಅಂದೆ. “ಬಲಗಡೇದೂ ನೋಡು.” ಅವಳು ತಟ್ಟನೆ ನನ್ನ ಮುಖ ನೋಡಿದಳು. ಜಾಲಿ ಗಿಡದ ಹಿಂದಿನ ವಿಷಯ ಅವಳಿಗೆ ತಿಳಿದುಹೋಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ. ಡಿಗ್ರಿ ಆಯಿತು, ಲೈಸೆನ್ಸ್ ಆಯಿತು. ಸಾರಿಗೆಯ ನೇಮಕಾತಿಗೆ ಹೋದ ಮೊದಲ ಸಲ ಗಾಡಿ ಓಡಿಸಿ ತೋರಿಸುವ ಪರೀಕ್ಷೆಯಲ್ಲಿ ನಪಾಸಾದಳು. ಯಾರಿಗಾದರೂ ಹೇಳಿ ವಶೀಲಿ ಹಚ್ಚಲೇ ಅಂತ ನನ್ನ ಕೈ ತುರಿಸಿತು. “ನೀ ಯಾರಿಗೂ ಏನೂ ಹೇಳಬಾರದು. ಹುಸೇನ್ ಕಾಕಾಗೂ ಹೇಳಬಾರದು” ಅಂತ ಕರಾರು ಹಾಕಿದಳು. ಎರಡು ವರ್ಷ ಕುಂದಗೋಳದ ಕಡೆ ಒಂದು ಶಾಲೆಯ ಬಸ್ಸು ಓಡಿಸಿದಳು. ಎರಡನೆಯ ಸಲ ಪಾಸಾಗಿ, ಈಗ ಎರಡು ವರ್ಷದಿಂದ ಖಾಕಿ ಹಾಕುತ್ತಿದ್ದಾಳೆ. ಹೂವು ಬಲಕ್ಕೆ ಬಿದ್ದದ್ದು ಇದಕ್ಕೇ ಅಂತ ನಮ್ಮಾಕಿ ಈಗ ಗುಡಿಯಲ್ಲಿ ಎಲ್ಲರಿಗೂ ಹೇಳುತ್ತಾಳೆ. ಓಣಿಯವರು ತಮ್ಮ ಮಕ್ಕಳಿಗೆ ಏನು ಓದಿಸಬೇಕು ಅಂತ ಕೇಳಲು ನನ್ನ ಹತ್ತಿರ ಬರುತ್ತಾರೆ. ನನಗೆ ಗೊತ್ತಿಲ್ಲ ಅಂದರೆ ಜಂಬ ಅಂದುಕೊಂಡು ಹೋಗುತ್ತಾರೆ. ನನಗೆ ನಿಜವಾಗಿಯೂ ಗೊತ್ತಿಲ್ಲ. ಇಂಥ ಕಥೆ ಮಗಳು ಪಾಸಾದಲ್ಲಿಗೆ ಮುಗಿಯುತ್ತದೆ ಅಂತ ಅವರೆಲ್ಲ ತಿಳಿದಿದ್ದಾರೆ, ಅಷ್ಟೇ.

ಮೊನ್ನೆ ಮಿರ್ಚಿ ಕಟ್ಟು ಬಿಚ್ಚಿಕೊಂಡು ಕೂತಿದ್ದಾಗಲೇ ಲೀಲಾ ಡ್ಯೂಟಿ ಮುಗಿಸಿ ಬಂದಳು. ಬೂಟು ಬಿಚ್ಚಲು ಬಾಗಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಉಸಿರು ಹಿಡಿದು, ಮೊದಲು ಎಡಕ್ಕೆ ವಾಲಿ, ಆಮೇಲೆ ಮೆಲ್ಲಗೆ ಕೆಳಗೆ ಕೂತಳು. ಹಾಗೆ ಕೂರುವುದನ್ನು ಡಿಪೋದ ಹೊರಗೆ ಯಾರೂ ಗುರುತಿಸಲಾರರು. ಡ್ರೈವರುಗಳು ಮಾತ್ರ ಹಾಗೆ ಕೂರುತ್ತಾರೆ. ಅವಳಿಗೆ ಇನ್ನೂ ಇಪ್ಪತ್ತಾರು. ಎರಡು ವರ್ಷದಿಂದ ದಿನಾ ಸಂಜೆ ನಾನು ಈ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆ, ಇದೊಂದು ಕಣ್ಣಿಗೆ ಬೀಳದಿರಲಿ ಅಂತ ಬೇಡಿಕೊಳ್ಳುತ್ತ.

“ಯಾವಾಗಿಂದ?” ಅಂದೆ.

“ಉಗಾದಿ ಮುಂದಿಂದ. ಅವ್ವಗ ಹೇಳಬ್ಯಾಡ.”

“ನನಗ್ಯಾಕ ಹೇಳಲಿಲ್ಲ?”

“ಬಿಟ್ಟಬಿಡು ಅಂತಿದ್ದಿ.”

ನಾಲಿಗೆಯ ತುದಿಯಲ್ಲಿ ಅದೇ ಇತ್ತು. ಬಿಟ್ಟುಬಿಡು, ವಯಸ್ಸಿನ್ನೂ ಮೀರಿಲ್ಲ, ಬ್ಯಾಂಕಿದೆ, ಬಿ.ಎಡ್. ಇದೆ, ಹನ್ನೊಂದೂ ಸಾಲಾಗಿ ನಿಂತಿದ್ದವು. ನಾನು ಅವತ್ತೇ ಹೇಳಿದ್ದೆ ಎಂಬ ಮಾತೂ ಇತ್ತು, ಅದು ಎಲ್ಲಕ್ಕಿಂತ ಮುಂದೆ ಇತ್ತು. ನಾನು ಬಹಳ ದಣಿದಿದ್ದೆ. ದಣಿದದ್ದೂ ಒಂದು ರೀತಿಯಲ್ಲಿ ಒಳ್ಳೆಯದಾಯಿತು ಅನ್ನಿಸುತ್ತದೆ. “ಏನ್ ಮಾಡೂಣು ಹೇಳು,” ಅಂದೆ. ಅಂದು ಸುಮ್ಮನೆ ಕೂತೆ. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ನಮ್ಮಾಕಿ ಒಳಗೆ ಕುಕ್ಕರು ಇಳಿಸಿದಳು. ಇಷ್ಟು ಹೊತ್ತು ನಾನು ಅವಳ ಮಾತಿಗೆ ಯಾವತ್ತೂ ಕಾದಿರಲಿಲ್ಲ.

“ಬಿಡಂಗಿಲ್ಲ ಅಪ್ಪಾ,” ಅಂದಳು ಕೊನೆಗೆ. “ಆದ್ರ ಹೆದರಿಕಿ ಆಗಾಕತ್ತೈತಿ.”

“ನನಗೂ ಆಗಿತ್ತು,” ಅಂದೆ. “ಯಾರಿಗೂ ಹೇಳದ ಎಂಟ್ ವರ್ಷ ಗಾಡಿ ಹೊಡದೆ. ಅದಕ್ಕ ಹಿಂಗಾತು.”

“ನಿನ್ನ ಬೆನ್ನೂ ಈಗ ಭಾಳ ನೋಯ್ತೈತಿ ಹೌದಲ್ಲೋ? ಮುಂಜಾನಿ ಏಳೂ ಮುಂದ ಗ್ವಾಡಿ ಹಿಡಿತಿ. ದವಾಖಾನಿಗೆ ಹೋಗೂದ ಬಿಟ್ಟು ಎಷ್ಟ್ ದಿನಾತು?”

ನಾನು ಅವಳಿಂದ ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ.

ನಿನ್ನೆ ಅವಳು ರಜೆ ಹಾಕಿದಳು. ಇಬ್ಬರೂ ಹುಬ್ಬಳ್ಳಿಯ ಬೆನ್ನಿನ ಡಾಕ್ಟರ ಹತ್ತಿರ ಹೋದೆವು. ಚೀಟಿ ಬರೆಯುವಲ್ಲಿ ಕೂತ ಹೆಣ್ಣುಮಗಳು ಹೆಸರು ಕೇಳಿದಳು. ನಾನು ಲೀಲಾಳ ಹೆಸರು ಹೇಳಿದೆ. ಲೀಲಾ ನನ್ನ ಹೆಸರು ಹೇಳಿದಳು. ಚೀಟಿ ಬರೆಯುವವಳು ಪೆನ್ನು ಎತ್ತಿ ಹಿಡಿದು ನಮ್ಮಿಬ್ಬರನ್ನೂ ನೋಡಿದಳು.

“ಇಬ್ಬರಾಗ ಪೇಷಂಟ್ ಯಾರ್ರಿ?”

“ಇಬ್ಬರೂ ರೀ,” ಅಂದಳು ಲೀಲಾ. “ಒಂದ ಜಡ್ಡು. ಇವರದು ಹಳೇದು, ನಂದು ಹೊಸಾದು.”

ಹದಿನಾಲ್ಕು, ಹದಿನೈದು ಅಂತ ನಂಬರು ಕೊಟ್ಟರು. ಬೆಂಚು ಖಾಲಿ ಇತ್ತು. ಕೂತರೆ ಏಳುವುದು ಕಷ್ಟ ಅಂತ ನಾವಿಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಂತೇ ಕಾದೆವು.